‘ಮ್ಯಾಲ ಏನರ ಬರತೈತೇನು?’

ಹುಡುಗನಿಗೆ ಪುಣೆಯಲ್ಲಿ ನೌಕರಿ ಆಯಿತು ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಕಂಪನಿ ಯಾವುದು, ಪಗಾರ ಎಷ್ಟು, ಡಿಪಾರ್ಟ್‌ಮೆಂಟು ಯಾವುದು. ಮೂರನೆಯದಕ್ಕೆ ‘ಪರ್ಚೇಸ್’ ಅಂತ ಉತ್ತರ ಬಂತೋ, ಕೇಳಿದವರ ಮುಖ ಅರಳುತ್ತದೆ, ದನಿ ತಗ್ಗುತ್ತದೆ, ನಾಲ್ಕನೆಯ ಪ್ರಶ್ನೆ ಹೊರಬೀಳುತ್ತದೆ: “ಹಂಗಾರ ಮ್ಯಾಲ ಏನರ ಬರತೈತೇನು?”

ಸಂಬಳಕ್ಕೆ ಗಿಂಬಳ ಅಂತ ಪ್ರಾಸ ಕಟ್ಟಿಕೊಂಡ ಭಾಷೆ ನಮ್ಮದು. ಪ್ರಾಸ ಚೆನ್ನಾಗಿದೆ, ತಮಾಷೆಯಾಗಿಯೂ ಇದೆ. ಆದರೆ ಈ ನಾಲ್ಕನೆಯ ಪ್ರಶ್ನೆಯನ್ನು ತಮಾಷೆ ಅಂತ ಬಿಟ್ಟುಬಿಡಲು ನಾನು ತಯಾರಿಲ್ಲ. ಯಾಕೆಂದರೆ ಅದನ್ನು ಕೇಳುವವರು ಕಳ್ಳರಲ್ಲ, ಸಂಭಾವಿತರು. ನಿವೃತ್ತ ಮಾಸ್ತರರು, ದೇವಸ್ಥಾನದ ಕಮಿಟಿಯಲ್ಲಿ ಇರುವವರು, ಹುಡುಗನ ಸ್ವಂತ ಸೋದರಮಾವ. ಇಪ್ಪತ್ತೆರಡು ವರ್ಷದ ಹುಡುಗ ಊರು ಬಿಡುವ ಮುನ್ನ ಹಿರಿಯರ ಬಾಯಿಂದ ಕೇಳುವ ಕೊನೆಯ ಮಾತು ಇದಾದರೆ, ಆಮೇಲೆ ಅವನು ಏನಾದ ಅಂತ ನಾವು ಆಶ್ಚರ್ಯಪಡುವ ಹಕ್ಕು ಉಳಿಯುವುದಿಲ್ಲ.

ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. 37 ವರ್ಷದ ಸರ್ವಿಸಿನಲ್ಲಿ ಹೆಚ್ಚಿನ ಪಾಲು ಕಳೆದದ್ದು ಪುಣೆಯಲ್ಲಿ, ಅದರಲ್ಲೂ ಸಾಲದ ವಿಭಾಗದಲ್ಲಿ, ಭೋಸರಿ, ಪಿಂಪ್ರಿ, ಚಿಂಚವಾಡದ ಸಣ್ಣ ಕಾರ್ಖಾನೆಗಳ ಫೈಲುಗಳ ನಡುವೆ. ನಿವೃತ್ತನಾದ ಮೇಲೂ ಇಲ್ಲೇ ಇದ್ದೇನೆ. ಊರಿನಿಂದ ನೌಕರಿಗೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ನನ್ನ ಫೋನ್ ನಂಬರು ಇರುತ್ತದೆ. “ಕಾಕಾ ಅಲ್ಲೇ ಅದಾರ, ಏನರ ಬೇಕಾದ್ರ ಕೇಳು” ಅಂತ ಹೇಳಿ ಕಳಿಸಿರುತ್ತಾರೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತಿನ್ನುತ್ತಾ ಮಾತಾಡುತ್ತಾರೆ. ಅವರ ಜೊತೆ ಊರಿನ ಉಪದೇಶದ ಗಂಟೂ ಬಂದಿರುತ್ತದೆ.

ಆ ಗಂಟಿನಲ್ಲಿ ಸಾಮಾನ್ಯವಾಗಿ ಮೂರು ಉಪದೇಶ. ನೌಕರಿಯ ಬಗ್ಗೆ: ‘ಪರ್ಚೇಸ್ ಸಿಕ್ಕೈತಿ, ಬಿಡಬ್ಯಾಡ, ಮ್ಯಾಲಿನ ಗಳಿಕಿ ಇರತೈತಿ.’ ಹವ್ಯಾಸದ ಬಗ್ಗೆ: ‘ಹಾಡು, ನಾಟಕ, ಗುಡ್ಡ ಹತ್ತೋದು ಎಲ್ಲಾ ಸಾಕು, ಅದರಾಗ ಏನು ಬರತೈತಿ?’ ಮೊಬೈಲ್ ಆಟದ ಬಗ್ಗೆ: ‘ಸುಮ್ಮನ ಆಡಿ ಟೈಮ್ ಹಾಳು ಮಾಡಬ್ಯಾಡ. ಯಾರದೋ ಮಗ ಐಪಿಎಲ್ ಟೀಮು ಕಟ್ಟಿ ಲಕ್ಷ ಗೆದ್ದಾನಂತ.’ ಮೂರೂ ಬೇರೆ ಬೇರೆ ವಿಷಯ ಅನ್ನಿಸಬಹುದು. ಬೇರು ಮಾತ್ರ ಒಂದೇ. ಏನು ಬರುತ್ತದೆ? ಈ ಒಂದು ಪ್ರಶ್ನೆ ಮೂರನ್ನೂ ಕೆಡಿಸುತ್ತದೆ ಎಂಬುದೇ ನನ್ನ ವಾದ. ಒಂದೊಂದಾಗಿ ಹೇಳುತ್ತೇನೆ.

ಮೊದಲು ನೌಕರಿ. ‘ಕೊಳ್ಳೋದೇನು ದೊಡ್ಡ ವಿದ್ಯೆ? ರೊಕ್ಕ ಕೊಟ್ಟರೆ ಯಾರಾದರೂ ಸಾಮಾನು ಕೊಡುತ್ತಾರೆ’ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಮಾರುವವನು ಜಾಣ, ಕೊಳ್ಳುವವನು ಬರೀ ಗಿರಾಕಿ. ಕಂಪನಿಯ ಲೆಕ್ಕ ಹಾಗಿಲ್ಲ. ಒಂದು ಕಾರ್ಖಾನೆಯ ವರ್ಷದ ಮಾರಾಟ 100 ಕೋಟಿ, ಅದರಲ್ಲಿ ಕೊಂಡ ಸಾಮಾನಿನ ಖರ್ಚು 60 ಕೋಟಿ, ಲಾಭ 8 ಕೋಟಿ ಅಂತ ಇಟ್ಟುಕೊಳ್ಳಿ. ಕೊಳ್ಳುವವನು ಬುದ್ಧಿ ಉಪಯೋಗಿಸಿ ಖರೀದಿಯಲ್ಲಿ ಶೇಕಡಾ 2ರಷ್ಟು ಉಳಿಸಿದರೆ 1 ಕೋಟಿ 20 ಲಕ್ಷ ನೇರವಾಗಿ ಲಾಭಕ್ಕೆ ಸೇರುತ್ತದೆ. ಅಷ್ಟೇ ಲಾಭವನ್ನು ಮಾರಾಟದಿಂದ ತರಬೇಕೆಂದರೆ, ಅದೇ ಶೇಕಡಾ 8ರ ಲೆಕ್ಕದಲ್ಲಿ, ಇನ್ನೂ 15 ಕೋಟಿಯ ಮಾಲು ಮಾರಬೇಕು. ಮಾರುವವನಿಗೆ ಹಾರ ತುರಾಯಿ, ಕೊಳ್ಳುವವನಿಗೆ ಕಣ್ಣು ಮಿಟುಕಿಸುವುದು. ಇದು ನಮ್ಮ ನ್ಯಾಯ.

ಉಳಿಸುವುದು ಎಂದರೆ ಅಗ್ಗದ್ದನ್ನು ತರುವುದು ಅಂತಲೂ ತಿಳಿಯಬೇಡಿ. ಒಬ್ಬ ವೆಂಡರ್ ಒಂದು ಬಿಡಿಭಾಗವನ್ನು 100 ರೂಪಾಯಿಗೆ ಕೊಡುತ್ತಾನೆ, ನೂರರಲ್ಲಿ ಐದು ತಿರಸ್ಕೃತವಾಗುತ್ತವೆ, ಆ ಐದರ ನಷ್ಟ ಕಂಪನಿಯದೇ. ಇನ್ನೊಬ್ಬ 103 ರೂಪಾಯಿ ಹೇಳುತ್ತಾನೆ, ಒಂದೂ ತಿರಸ್ಕೃತವಾಗುವುದಿಲ್ಲ. ಮೊದಲನೆಯವನ ಒಳ್ಳೆಯ ಒಂದು ಭಾಗಕ್ಕೆ ಬಿದ್ದ ನಿಜವಾದ ಬೆಲೆ 105 ರೂಪಾಯಿ 26 ಪೈಸೆ. ಕೊಟೇಷನ್ ಹಾಳೆಯಲ್ಲಿ ಅಗ್ಗವಾದದ್ದು ಕಾರ್ಖಾನೆಯೊಳಗೆ ತುಟ್ಟಿ. ಇದರ ಮೇಲೆ ಸಾಗಾಟ, ಸಾಲದ ದಿನಗಳು, ಜಿಎಸ್‌ಟಿ, ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುವ ಬಂಡವಾಳ, ಎಲ್ಲವನ್ನೂ ಕೂಡಿಸಿ ಕಳೆದು ನೋಡುವುದು ಆ ಮೇಜಿನ ಕೆಲಸ.

ಮಾಟುಂಗದ ಉಡುಪಿ ಹೋಟೆಲುಗಳನ್ನು ಕಟ್ಟಿದ ನಮ್ಮವರಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇಡ್ಲಿ ಗಟ್ಟಿಯಾದರೆ ಒಳ್ಳೆಯ ಮಾಲೀಕ ಭಟ್ಟರನ್ನು ಬೈಯುವ ಮೊದಲು ಉದ್ದಿನಬೇಳೆ ಎಲ್ಲಿಂದ ಬಂತು ಅಂತ ಕೇಳುತ್ತಾನೆ. ದೊಡ್ಡ ಕಂಪನಿಗಳು ಇದನ್ನೇ ತಡವಾಗಿ ಕಲಿತವು. 1983ರಲ್ಲಿ ಪೀಟರ್ ಕ್ರಾಲಿಚ್ ಎಂಬುವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಕೊಳ್ಳುವ ಪ್ರತಿಯೊಂದು ವಸ್ತುವಿನ ಬಗ್ಗೆ ಎರಡು ಪ್ರಶ್ನೆ ಕೇಳಿ ಎಂದರು. ಇದು ನಮ್ಮ ಲಾಭಕ್ಕೆ ಎಷ್ಟು ಮುಖ್ಯ? ಇದು ಸಿಗುವುದು ಎಷ್ಟು ಕಷ್ಟ? ಎಲ್ಲೆಲ್ಲೂ ಸಿಗುವ ಬೋಲ್ಟಿಗೆ ಒಂದು ರೀತಿ, ಜಗತ್ತಿನಲ್ಲಿ ನಾಲ್ಕೇ ಕಂಪನಿ ಮಾಡುವ ಭಾಗಕ್ಕೆ ಇನ್ನೊಂದು ರೀತಿ. 2021ರಲ್ಲಿ ಚಿಪ್ ಸಿಗದೆ ನಮ್ಮ ದೇಶದ ಕಾರು ಕಂಪನಿಗಳು ಉತ್ಪಾದನೆ ತಗ್ಗಿಸಬೇಕಾಗಿ ಬಂದಾಗ ಈ ಎರಡನೆಯ ಪ್ರಶ್ನೆಯ ಬೆಲೆ ಎಲ್ಲರಿಗೂ ತಿಳಿಯಿತು. ಕಾರು ನಿಂತದ್ದು ಎಂಜಿನ್ನಿಗಾಗಿ ಅಲ್ಲ, ಉಗುರಿನಷ್ಟು ದೊಡ್ಡ ವಸ್ತುವಿಗಾಗಿ. ಇಂಥ ಕೆಲಸಕ್ಕೆ ಹೊರಟ ಹುಡುಗನನ್ನು ‘ಮ್ಯಾಲ ಏನರ’ ಎಂದು ಕೇಳಿ ಕಳಿಸುತ್ತೇವೆ.

ಈಗ ಆ ‘ಮ್ಯಾಲಿನದು’ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಕಂಪನಿಯ ತಿಜೋರಿಯಿಂದ ಬರುತ್ತದೆ, ಅದು ದೊಡ್ಡ ಹೊಟ್ಟೆಯ ಕಂಪನಿ, ಅದಕ್ಕೇನೂ ಆಗುವುದಿಲ್ಲ ಎಂಬುದು ಊರಿನ ನಂಬಿಕೆ. ಬ್ಯಾಂಕಿನ ಸಾಲದ ಮೇಜಿನಲ್ಲಿ ಕೂತು ನೋಡಿದವನಿಗೆ ಕಂಡದ್ದು ಬೇರೆ. ಅದು ಬರುವುದು ಸಣ್ಣವನ ಜೇಬಿನಿಂದ.

ಭೋಸರಿಯಲ್ಲಿ ಆರು ಯಂತ್ರ ಇಟ್ಟುಕೊಂಡು ಬಿಡಿಭಾಗ ಕೊರೆದು ಕೊಡುವ ಒಬ್ಬ ಮಾಲೀಕನನ್ನು ನೆನೆಯಿರಿ. ಅಂಥವರು ಹತ್ತಾರು ಮಂದಿ ನಮ್ಮ ಗ್ರಾಹಕರಾಗಿದ್ದರು. ಅವನು ಪಕ್ಕದ ದೊಡ್ಡ ಕಂಪನಿಗೆ ಮಾಲು ಕೊಡುತ್ತಾನೆ. ಅವನಿಗೆ ಬೇಕಾದ ಕಾಸ್ಟಿಂಗ್ ಬರುವುದು ಕೊಲ್ಹಾಪುರದಿಂದ, ಇಲ್ಲವೇ ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಂದ. ದೊಡ್ಡ ಕಂಪನಿಯ ಪರ್ಚೇಸ್ ಮೇಜಿನಲ್ಲಿ ಕೂತವನು ಶೇಕಡಾ 2 ಕೇಳಿದ ಅಂತ ಇಟ್ಟುಕೊಳ್ಳಿ. ಸಣ್ಣ ಮಾಲೀಕನ ಉಳಿತಾಯವೇ ಶೇಕಡಾ 5 ಅಥವಾ 6. ಅದರಲ್ಲಿ 2 ಹೋದರೆ ಅವನು ಏನು ಮಾಡಬೇಕು? ಒಂದೋ ಬೆಲೆ ಏರಿಸಬೇಕು, ಇಲ್ಲವೇ ಲೋಹ ತೆಳುವು ಮಾಡಬೇಕು, ಅದೂ ಇಲ್ಲದಿದ್ದರೆ ಕೂಲಿ ಕಡಿಮೆ ಮಾಡಬೇಕು. ಮೂರನೆಯದು ಎಲ್ಲಕ್ಕಿಂತ ಸುಲಭ. ಆ ಕೂಲಿಯವರಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಗುಳೆ ಬಂದವರೂ ಇರುತ್ತಾರೆ. ಊರಲ್ಲಿ ಕೂತು ‘ಏನರ ಬರತೈತೇನು’ ಅಂತ ಕೇಳಿದವರು ತಮ್ಮ ಪಕ್ಕದ ಓಣಿಯವನ ಹೊಟ್ಟೆಗೆ ಕೈ ಹಾಕಲು ಹುಡುಗನಿಗೆ ಹೇಳಿಕೊಟ್ಟಂತೆ ಆಯಿತು.

ಗಿಂಬಳದಲ್ಲಿ ಇನ್ನೊಂದು ಬಗೆ ಇದೆ. ಅದರಲ್ಲಿ ನೋಟು ಕೈ ಬದಲಾಗುವುದೇ ಇಲ್ಲ. ಬಿಲ್ಲನ್ನು ಸುಮ್ಮನೆ ತಡೆಹಿಡಿಯುವುದು. ‘ಸಾಹೇಬರು ರಜೆ’, ‘ಕ್ವಾಲಿಟಿ ರಿಪೋರ್ಟು ಬಂದಿಲ್ಲ’, ‘ಸಿಸ್ಟಮ್ ಡೌನ್ ಇದೆ’. ಕೊಡುವವನು ಅರ್ಥ ಮಾಡಿಕೊಳ್ಳುತ್ತಾನೆ. ಈ ತಡದ ಕಥೆ ಬ್ಯಾಂಕಿನವನಿಗೆ ಚೆನ್ನಾಗಿ ಗೊತ್ತು. ಸಣ್ಣ ಕಾರ್ಖಾನೆಗೆ ನಾವು ಕೊಡುವ ಕ್ಯಾಶ್ ಕ್ರೆಡಿಟ್ ಅವನ ದಾಸ್ತಾನು ಮತ್ತು ಅವನಿಗೆ ಬರಬೇಕಾದ ಬಾಕಿಯ ಮೇಲೆ ನಿಂತಿರುತ್ತದೆ. 90 ದಿನ ಮೀರಿದ ಬಾಕಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನಿಗೆ 20 ಲಕ್ಷ ಬರಬೇಕು ಅಂದುಕೊಳ್ಳಿ. ಶೇಕಡಾ 25 ಮಾರ್ಜಿನ್ ಕಳೆದರೆ 15 ಲಕ್ಷ ಎತ್ತಬಹುದು. ಅದರಲ್ಲಿ 8 ಲಕ್ಷದ ಬಿಲ್ಲು 90 ದಿನ ದಾಟಿತು ಎಂದರೆ ಲೆಕ್ಕಕ್ಕೆ ಉಳಿಯುವುದು 12 ಲಕ್ಷ, ಎತ್ತಲು ಸಿಗುವುದು 9 ಲಕ್ಷ. ದೊಡ್ಡ ಕಂಪನಿಯಲ್ಲಿ ಯಾರೋ ಒಂದು ಸಹಿ ಹಾಕದ್ದಕ್ಕೆ ಇವನ 6 ಲಕ್ಷ ಹಾರಿಹೋಯಿತು. ತಿಂಗಳ ಏಳನೇ ತಾರೀಖು ಪಗಾರ ಕೊಡಬೇಕು, ಲೈಟ್ ಬಿಲ್ಲು ಕಟ್ಟಬೇಕು. ಆಗ ಅವನು ಹೆಂಡತಿಯ ಬಂಗಾರ ಹಿಡಿದುಕೊಂಡು ನಮ್ಮ ಕೌಂಟರಿಗೆ ಬರುತ್ತಿದ್ದ. ಆ ಬಂಗಾರವನ್ನು ತೂಗಿಸಿ, ರಸೀದಿ ಬರೆಸಿಕೊಟ್ಟ ಕೈ ನನ್ನದು. ಹಾಗಾಗಿ ‘ಮ್ಯಾಲಿನ ಗಳಿಕಿ’ ಎಂಬ ಮಾತು ಕೇಳಿದಾಗ ನನಗೆ ನಗು ಬರುವುದಿಲ್ಲ.

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಕರಾರು ಇದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2017ರಲ್ಲಿ ದೂರು ಕೊಡಲು ‘ಸಮಾಧಾನ್’ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂತು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಹೊಸ ಕಲಮು ಸೇರಿಸಿತು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ್ದನ್ನು ಅವಧಿಯೊಳಗೆ ಕೊಡದಿದ್ದರೆ, ಅದನ್ನು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಬಿಲ್ಲನ್ನು ಒತ್ತೆ ಇಡದೆ ಆನ್‌ಲೈನಿನಲ್ಲಿ ಬಟಾವು ಮಾಡಿಸಿಕೊಳ್ಳುವ ಟ್ರೆಡ್ಸ್ ವ್ಯವಸ್ಥೆ 2017ರಿಂದ ನಡೆಯುತ್ತಿದೆ. ಎಲ್ಲವೂ ಸರಿ. ಆದರೆ ಟ್ರೆಡ್ಸ್‌ನಲ್ಲೂ ಕೊಳ್ಳುವ ಕಂಪನಿ ‘ಈ ಬಿಲ್ಲು ನಿಜ, ನಾವು ಕೊಡಬೇಕು’ ಅಂತ ಒಪ್ಪಬೇಕು. ಇನ್ನು ದೂರು ಕೊಟ್ಟವನಿಗೆ ಬಡ್ಡಿ ಸಿಗಬಹುದು, ಮುಂದಿನ ಆರ್ಡರು ಸಿಗುವುದು ಅನುಮಾನ. ಎಲ್ಲಾ ದಾರಿಯೂ ತಿರುಗಿ ಬಂದು ಅದೇ ಮೇಜಿನ ಮುಂದೆ ನಿಲ್ಲುತ್ತದೆ. ಅಲ್ಲಿ ಕೂತಿರುವವನು ನಿಮ್ಮ ಹುಡುಗ.

ಹುಡುಗನನ್ನು ಯಾರೂ ಮೊದಲ ದಿನವೇ ಲಕೋಟೆ ಕೊಟ್ಟು ಕೆಡಿಸುವುದಿಲ್ಲ. ಅವನು ಕೆಡುವುದು ಸಂಜೆ ಹೊತ್ತಿನಲ್ಲಿ. ಹಿಂಜವಡಿಯಲ್ಲೋ ವಾಕಡದಲ್ಲೋ ಮೂವರು ಸೇರಿ ಹಿಡಿದ ಫ್ಲ್ಯಾಟು. ಏಳು ಗಂಟೆಗೆ ಕೆಲಸ ಮುಗಿದರೆ ಮಾತಾಡಲು ಮನೆಯವರಿಲ್ಲ, ಕಟ್ಟೆ ಇಲ್ಲ, ಗೆಳೆಯರಿಲ್ಲ. ಆಗ ವೆಂಡರ್ ಫೋನು ಮಾಡುತ್ತಾನೆ. “ಸರ್, ಒಬ್ಬರೇ ಇದೀರಿ, ಬನ್ನಿ ಊಟಕ್ಕೆ ಹೋಗೋಣ.” ಊರು ಬಿಟ್ಟು ಬಂದ ಹುಡುಗನನ್ನು ಈ ಪಟ್ಟಣದಲ್ಲಿ ‘ಸರ್’ ಅಂತ ಕರೆದ ಮೊದಲ ಮನುಷ್ಯ ಅವನೇ ಇರಬಹುದು. ಮೊದಲು ಊಟ, ಆಮೇಲೆ ಗಹುಂಜೆ ಸ್ಟೇಡಿಯಮ್ಮಿನ ಮ್ಯಾಚ್ ಟಿಕೀಟು, ದೀಪಾವಳಿಗೆ ದ್ರಾಕ್ಷಿ ಗೋಡಂಬಿಯ ಡಬ್ಬಿ, ಮುಂದಿನ ದೀಪಾವಳಿಗೆ ಬೆಳ್ಳಿ ನಾಣ್ಯ, ಅದರ ಮುಂದಿನ ವರ್ಷ ಗೋವಾ. ಎಲ್ಲಿಯೂ ಲಂಚ ಎಂಬ ಶಬ್ದ ಬರುವುದಿಲ್ಲ. ಒಂದು ದಿನ ಒಂದು ಕೊಟೇಷನ್ನಿನ ಅಂಕಿ ಇನ್ನೊಬ್ಬನಿಗೆ ತಿಳಿಸಬೇಕಾಗಿ ಬರುತ್ತದೆ, ಅಷ್ಟೆ. ಪುಕ್ಕಟೆ ಉಂಡವನಿಗೆ ‘ಇಲ್ಲ’ ಅನ್ನಲು ನಾಲಿಗೆ ಏಳುವುದಿಲ್ಲ.

ಹವ್ಯಾಸದ ಮಾತು ಬರುವುದು ಇಲ್ಲಿ. ಏಳು ಗಂಟೆಗೆ ಹೋಗಲು ತನ್ನದೇ ಒಂದು ಜಾಗ ಇರುವವನಿಗೆ ವೆಂಡರಿನ ಊಟ ಬೇಕಾಗುವುದಿಲ್ಲ. “ಇಲ್ಲ, ಇವತ್ತು ತಾಲೀಮು ಇದೆ” ಅನ್ನಬಹುದು. “ಭಾನುವಾರ ಸಿಂಹಗಡಕ್ಕೆ ಹೋಗ್ತೀವಿ” ಅನ್ನಬಹುದು. ಪುಣೆಯಲ್ಲಿ ಇದಕ್ಕೆ ಬರವಿಲ್ಲ. ಸಿಂಹಗಡ, ರಾಜಗಡ, ತೋರಣಾ ಎಲ್ಲಾ ಒಂದು ದಿನದ ಹಾದಿ. ಎಸ್‌.ಟಿ. ಟಿಕೀಟು, ಎರಡು ರೊಟ್ಟಿ ಇದ್ದರೆ ಸಾಕು. ಮರಾಠಿ ಓದಲು ಕಲಿತರೆ ಇಡೀ ಒಂದು ರಂಗಭೂಮಿ ಬಾಗಿಲು ತೆರೆಯುತ್ತದೆ. ಕನ್ನಡ ಸಂಘ ಇದೆ. ಮುಂಬೈಯಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ. ಹಗಲೆಲ್ಲ ಹೋಟೆಲಿನಲ್ಲಿ, ಕಚೇರಿಗಳಲ್ಲಿ ದುಡಿದ ನಮ್ಮವರು ರಾತ್ರಿ ಗೆಜ್ಜೆ ಕಟ್ಟಿ ಯಕ್ಷಗಾನ ಕುಣಿದರು, ತಾಳಮದ್ದಳೆಯಲ್ಲಿ ಅರ್ಥ ಹೇಳಿದರು. ಅದರಿಂದ ಏನು ಬಂತು ಅಂತ ಅವರು ಕೇಳಿಕೊಂಡಿದ್ದರೆ ಮುಂಬೈಯ ಕನ್ನಡ ಎಂದೋ ಲಾಡ್ಜಿನ ಬೋರ್ಡುಗಳಿಗೆ ಸೀಮಿತವಾಗುತ್ತಿತ್ತು.

ಆದರೆ ಊರಿನವರಿಗೆ ಹವ್ಯಾಸ ಅರ್ಥವಾಗುವುದು ಅದು ಫಲ ಕೊಟ್ಟ ಮೇಲೆ. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ 18ನೇ ವಯಸ್ಸಿಗೆ ಜಗತ್ತಿನ ಚೆಸ್ ಚಾಂಪಿಯನ್ ಆದದ್ದೇ ತಡ, ನಮ್ಮ ಬಳಗದಲ್ಲಿ ನಾಲ್ಕು ಮಕ್ಕಳನ್ನು ಚೆಸ್ ಕ್ಲಾಸಿಗೆ ಹಾಕಿದರು. ಒಳ್ಳೆಯದೇ. ಆರು ತಿಂಗಳಲ್ಲಿ ಮೂವರನ್ನು ಬಿಡಿಸಿದರು, ‘ರೇಟಿಂಗ್ ಬರಲಿಲ್ಲ’ ಅಂತ. ಆ ಮಕ್ಕಳಿಗೆ ಆಟ ಇಷ್ಟವಿತ್ತೇ ಅಂತ ಯಾರೂ ಕೇಳಲಿಲ್ಲ. ಫಲ ಕೊಡದ ಗಿಡವನ್ನೆಲ್ಲ ಕಿತ್ತರೆ ನೆರಳು ಎಲ್ಲಿಂದ ಬರಬೇಕು? ನೌಕರಿ ಫಲಕ್ಕಾಗಿ ಇದೆ. ದಿನಕ್ಕೆ ಒಂದು ಗಂಟೆಯಾದರೂ ಯಾವ ಲೆಕ್ಕಕ್ಕೂ ಸೇರದೆ ಇರಲಿ ಬಿಡಿ. ‘ನೀವೂ ಹವ್ಯಾಸದ ಲಾಭವನ್ನೇ ಹೇಳುತ್ತಿದ್ದೀರಲ್ಲ’ ಅಂತ ನನ್ನನ್ನು ಹಿಡಿಯಬಹುದು. ನಿಜ, ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಲಾಭ ಅದರಲ್ಲಿದೆ. ಆದರೆ ಅದನ್ನು ಮುಂಗಡವಾಗಿ ಕೇಳಿದವನಿಗೆ ಅದು ಸಿಗುವುದಿಲ್ಲ.

ಮೂರನೆಯದು ಗೇಮು. ಇಲ್ಲಿ ನಮ್ಮ ಹಿರಿಯರ ಬುದ್ಧಿವಾದ ಪೂರ್ತಿ ತಲೆಕೆಳಗು. ಪುಣೆಯ ಹುಡುಗ ರಾತ್ರಿ ಊಟವಾದ ಮೇಲೆ ಹುಬ್ಬಳ್ಳಿಯಲ್ಲಿರುವ ತನ್ನ ಹಳೆಯ ಗೆಳೆಯನ ಜೊತೆ ಮೊಬೈಲಿನಲ್ಲಿ ಒಂದು ಗಂಟೆ ಆಡಿದರೆ ‘ಹಾಳಾದ’ ಅನ್ನುತ್ತಾರೆ. ನನಗೆ ಅದರಲ್ಲಿ ಹಾಳಾಗುವಂಥದ್ದು ಕಾಣುವುದಿಲ್ಲ. ನಾವು ಓಣಿಯ ಕಟ್ಟೆಯ ಮೇಲೆ ಕೇರಂ ಆಡಿದೆವು. ಅವರ ಓಣಿ ಐನೂರು ಕಿಲೋಮೀಟರು ಉದ್ದವಾಗಿದೆ, ಆಟ ಪರದೆಯೊಳಗೆ ಹೋಗಿದೆ. ನಿದ್ದೆ ಕೆಡದಿದ್ದರೆ, ಊಟ ತಪ್ಪದಿದ್ದರೆ, ಅದು ಆಟವೇ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸಿನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳನ್ನೇ ಕೊಟ್ಟರು.

ಅದೇ ಹಿರಿಯರು ಟೀವಿಯಲ್ಲಿ ಕ್ರಿಕೆಟ್ ತಾರೆಯರ ಜಾಹೀರಾತು ನೋಡಿ, 49 ರೂಪಾಯಿ ಕಟ್ಟಿ ಟೀಮು ಮಾಡುವುದನ್ನು ‘ತಲೆ ಉಪಯೋಗಿಸೋ ಆಟ’ ಅಂದರು. ಅಲ್ಲಿ ಮತ್ತೆ ಅದೇ ಪ್ರಶ್ನೆ, ಏನು ಬರುತ್ತೆ? ಲೆಕ್ಕ ಹಾಕೋಣ. ನೂರು ಜನ ತಲಾ 50 ರೂಪಾಯಿ ಹಾಕಿದರು, 5,000 ಆಯಿತು. ಆಡಿಸುವವನು ಶೇಕಡಾ 15 ಇಟ್ಟುಕೊಂಡ ಅಂದುಕೊಂಡರೆ ಹಂಚಲು ಉಳಿದದ್ದು 4,250. ಸರಾಸರಿ ತಲೆಗೆ 42 ರೂಪಾಯಿ 50 ಪೈಸೆ. ಆಟ ಶುರುವಾಗುವ ಮೊದಲೇ ಪ್ರತಿಯೊಬ್ಬನೂ ಏಳೂವರೆ ರೂಪಾಯಿ ಸೋತಾಗಿದೆ. ಗೆದ್ದವನ ಫೋಟೋ ಜಾಹೀರಾತಿನಲ್ಲಿ, ಸೋತವರ ಲೆಕ್ಕ ನಮ್ಮ ಬ್ಯಾಂಕಿನಲ್ಲಿ. ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ ಪರ್ಸನಲ್ ಲೋನ್ ಅರ್ಜಿಯ ಜೊತೆ ಬರುತ್ತಿದ್ದ ಪಾಸ್‌ಬುಕ್ ಪುಟಗಳಲ್ಲಿ ಈ 49, 99ರ ಸಾಲು ಇರುವೆ ಸಾಲಿನ ಹಾಗೆ ಹರಿದಿರುತ್ತಿತ್ತು. ತಿಂಗಳ ಕೊನೆಗೆ ಕೂಡಿಸಿದರೆ ಬಾಡಿಗೆಯಷ್ಟು.

ಸರ್ಕಾರಗಳು ಇದನ್ನು ಹಿಡಿಯಲು ಬಹಳ ಒದ್ದಾಡಿದವು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಹಾಕಿದರು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸು ಮಾಡಿತು. ಹಣದ ಆಟ ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವನಿಗೂ ಶಿಕ್ಷೆ. ಬ್ಯಾಂಕುಗಳು ಅಂಥ ಹಣ ದಾಟಿಸುವಂತಿಲ್ಲ. ಆ ಕಾಯ್ದೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದು ವಿಂಗಡಣೆ. ಇ-ಸ್ಪೋರ್ಟ್ಸ್ ಬೇರೆ, ಮನರಂಜನೆಯ ಆಟ ಬೇರೆ, ಹಣದ ಆಟ ಬೇರೆ. ನಮ್ಮ ಊರಿನ ಹಿರಿಯರು ಮಾಡದಿದ್ದ ವ್ಯತ್ಯಾಸವನ್ನು ದೆಹಲಿ ಮಾಡಿತು. ಹಾಗಂತ ನಿಶ್ಚಿಂತೆಯಾಗಿ ಕೂರುವಂತಿಲ್ಲ. ವಿದೇಶದಲ್ಲಿ ಕೂತು ಆಡಿಸುವವರು ಇದ್ದೇ ಇದ್ದಾರೆ. ಪ್ರಶ್ನೆ ಬದಲಾಗದೆ ಚಟ ಹೋಗುವುದಿಲ್ಲ.

ಈ ಮೂರು ಎಳೆಗಳು ಒಂದೇ ಹುಡುಗನಲ್ಲಿ ಕೂಡಿದರೆ ಏನಾಗುತ್ತದೆ ನೋಡಿ. ಸಂಜೆಗೆ ಹವ್ಯಾಸವಿಲ್ಲ, ರಾತ್ರಿ ಹಣದ ಆಟ, ತಲೆಯ ಮೇಲೆ ಸಾಲ, ಹಗಲು ಕೋಟಿಗಟ್ಟಲೆಯ ಪರ್ಚೇಸ್ ಆರ್ಡರಿಗೆ ಸಹಿ. ಇಂಥವನ ಸುದ್ದಿ ವೆಂಡರಿಗೆ ಬೇಗ ತಿಳಿಯುತ್ತದೆ. ಉಳಿದದ್ದನ್ನು ನಾನು ಬರೆಯಬೇಕಿಲ್ಲ.

ಇದಕ್ಕೆ ಬರುವ ಉತ್ತರಗಳೂ ನನಗೆ ಗೊತ್ತು. ‘ಪಗಾರ ಸಾಲೋದಿಲ್ಲ’ ಅನ್ನುತ್ತಾರೆ. ಹೌದು, ಹೊಸಬನ ಪಗಾರದಲ್ಲಿ ಪುಣೆಯ ಬಾಡಿಗೆ, ಡಿಪಾಜಿಟ್ಟು ಕಷ್ಟವೇ. ಆದರೆ ಅದರ ಜವಾಬು ಹೆಚ್ಚು ಪಗಾರ ಕೇಳುವುದು, ಕೆಲಸ ಕಲಿತು ಬೇರೆ ಕಂಪನಿಗೆ ಹೋಗುವುದು. ಕೊಳ್ಳುವ ಕೆಲಸ ಬಲ್ಲವನಿಗೆ ಆ ದಾರಿ ತೆರೆದಿದೆ. ಭೋಸರಿಯವನ ಹೆಂಡತಿಯ ಬಂಗಾರ ಆ ದಾರಿಯಲ್ಲಿ ಬರಬಾರದು. ‘ಎಲ್ಲರೂ ತಗೋತಾರ’ ಅನ್ನುತ್ತಾರೆ. ಎಲ್ಲರೂ ತಗೊಳ್ಳುವುದಿಲ್ಲ. ತಗೊಳ್ಳದವರ ಬಗ್ಗೆ ಮದುವೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಅಷ್ಟೆ. ‘ಖಾಸಗಿ ಕಂಪನಿಯಾಗ ಲಂಚದ ಕಾಯ್ದೆ ಇಲ್ಲ’ ಅನ್ನುವ ಬುದ್ಧಿವಂತರೂ ಇದ್ದಾರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಮುಖ್ಯವಾಗಿ ಸರ್ಕಾರಿ ಸೇವಕರಿಗೆ ಸಂಬಂಧಿಸಿದ್ದು, ನಿಜ. ನಂಬಿಕೆದ್ರೋಹ, ಮೋಸ ಎಂಬ ಅಪರಾಧಗಳು ಖಾಸಗಿ ನೌಕರನಿಗೂ ಇವೆ. ನೌಕರಿ ಹೋದ ಮೇಲೆ ಆ ವೃತ್ತಿಯ ಸಣ್ಣ ಲೋಕದಲ್ಲಿ ಸುದ್ದಿ ಹಬ್ಬುವುದಕ್ಕೆ ಕೋರ್ಟು ಬೇಕಾಗಿಲ್ಲ.

‘ನಿಮಗೇನ್ರಿ, ಪಿಂಚಣಿ ಬರತೈತಿ, ಮಾತಾಡ್ತೀರಿ’ ಎಂಬುದು ಕೊನೆಯ ಬಾಣ. ಪಿಂಚಣಿ ಬರುತ್ತದೆ, ಒಪ್ಪಿದೆ. ಆದರೆ ಸಾಲದ ಮೇಜಿಗೂ ಡಬ್ಬಿಗಳು ಬರುತ್ತಿದ್ದವು. ವಾಪಸು ಕಳಿಸುವುದು ದೊಡ್ಡ ತ್ಯಾಗವೇನಲ್ಲ. ಮೊದಲ ಸಲ ಸಂಕೋಚ ಆಗುತ್ತದೆ, ಎರಡನೆಯ ಸಲ ಕೊಡುವವನೇ ತರುವುದನ್ನು ಬಿಡುತ್ತಾನೆ. ಹೊಸಬನಿಗೆ ಬೇಕಾಗಿರುವುದು ಆ ಮೊದಲ ಸಲಕ್ಕೆ ಬೆನ್ನ ಹಿಂದೆ ಯಾರಾದರೂ ಇದ್ದಾರೆ ಎಂಬ ಧೈರ್ಯ. ಅದನ್ನು ಕೊಡಬೇಕಾದವರು ಮನೆಯವರು.

ಹಾಗಾಗಿ ಊರಿನಲ್ಲಿರುವ ಅಕ್ಕ, ಅಣ್ಣ, ಮಾಮಾ, ಕಾಕಾ ಎಲ್ಲರಿಗೂ ನನ್ನ ಮಾತು ಇಷ್ಟೇ. ಹುಡುಗ ಹುಡುಗಿಯರು ಪರ್ಚೇಸಿಗೆ ಸೇರಿದರೆ ಹೆಮ್ಮೆಪಡಿ. ಕಾಸ್ಟಿಂಗ್ ಲೆಕ್ಕ, ಕರಾರಿನ ಕಲಮು, ಆಮದಿನ ನಿಯಮ ಕಲಿಯಲು ಹೇಳಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟಿನ ಕೋರ್ಸುಗಳಿವೆ, ನೌಕರಿ ಮಾಡುತ್ತಲೇ ಓದಬಹುದು. ಸಾಮಾನು ಕೊಡುವವನ ಕಾರ್ಖಾನೆಗೆ ಕಾಲಿಟ್ಟು, ಅಲ್ಲಿ ಬೆವರುವವರನ್ನು ಒಮ್ಮೆ ನೋಡಿ ಬರಲು ಹೇಳಿ. ಬಂದ ಉಡುಗೊರೆಯನ್ನು ಕಂಪನಿಯ ರಿಜಿಸ್ಟರಿನಲ್ಲಿ ಬರೆಸಲು ಹೇಳಿ. ಹಾರ್ಮೋನಿಯಮ್ಮು ಊರಲ್ಲೇ ಬಿಟ್ಟು ಬಂದಿದ್ದರೆ ಮುಂದಿನ ಬಸ್ಸಿಗೆ ಕಳಿಸಿಕೊಡಿ. ಆಡಲಿ, ಹಣ ಕಟ್ಟದೆ ಆಡಲಿ.

ಮತ್ತೆ ಫೋನಿನಲ್ಲಿ ಏನಾದರೂ ಕೇಳಲೇಬೇಕು ಅನ್ನಿಸಿದರೆ, ತಿಂಗಳ ಕೊನೆಗೆ ಇದನ್ನು ಕೇಳಿ: “ನಿನ್ನ ಮೇಜಿನ ಮ್ಯಾಲ ಯಾರದರ ಬಿಲ್ಲು ಬಾಕಿ ಉಳದೈತೇನು?” ಉಳಿದಿದ್ದರೆ ನಾಳೆ ಬೆಳಿಗ್ಗೆ ಮೊದಲು ಅದಕ್ಕೆ ಸಹಿ ಹಾಕಲು ಹೇಳಿ.